ಹೊಳೆಯ ನಡುವೆ ಹಸ್ತದ ಮಳೆ

ಕಡಲತೀರದ ನಂಟರು ನಮ್ಮ ಮನೆಗೆ ಬಂದಾಗಲೆಲ್ಲ ತಮ್ಮ ದೋಣಿ ಪ್ರಯಾಣಗಳ ಮಾತನ್ನು ಎತ್ತದೆ ಇರುವುದಿಲ್ಲ. ಹಾಯಿ ಹರಿದುದು, ಚುಕ್ಕಾಣಿ ಕೈಕೊಟ್ಟುದು, ತಾಂಡೇಲನು ಕತ್ತಲಲ್ಲಿ ದೋಣಿಯನ್ನು ಅಳಿವೆಯೊಳಕ್ಕೆ ತಂದು ಸೇರಿಸಿದುದು - ಇವನ್ನೆಲ್ಲ ಅವರು ಹೇಳುತ್ತಿದ್ದರೆ ಬಳ್ಳಾರಿಯವರಾದ ನಾವು ಹರಿಕಥೆ ಕೇಳುವವರಂತೆ ಕುಳಿತಿರುತ್ತೇವೆ. ನಮ್ಮ ಊರಿಗೆ ಹತ್ತಿರದ ಕಡಲೆಂದರೂ ಮುನ್ನೂರು ಕಿಲೋಮೀಟರಿನ ಸುತ್ತಮುತ್ತಲ ದೂರ. ನಮ್ಮಲ್ಲಿ ಗಾಳಿಯೆಂದರೆ ಧೂಳು. ಅಲೆಯೆಂದರೆ ವೈಶಾಖದ ನಡುಹಗಲಲ್ಲಿ ಡಾಂಬರು ರಸ್ತೆಯ ಮೇಲೆ ಕುಣಿಯುವ ಬಿಸಿಲುಗುದುರೆ. ಇಷ್ಟಾದರೂ ನೀರಿನ ಮೇಲೆ ಕೆಟ್ಟ ಹವೆಗೆ ಸಿಕ್ಕಿಕೊಳ್ಳುವ ಯೋಗವು ಕಡಲಿನವರಿಗೆ ಮಾತ್ರ ಮೀಸಲಾದುದಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ನಮಗೂ ಒಂದು ಹೊಳೆಯಿದೆ, ಹೊಳೆಗೊಂದು ಹರಿಗೋಲಿದೆ, ಹರಿಗೋಲಿಗೆ ಒಬ್ಬ ಅಂಬಿಗನಿದ್ದಾನೆ.

ನಮ್ಮ ತಾಯಿಯವರ ತವರು ಕುರುಗೋಡು. ಒಂದು ಕಾಲಕ್ಕೆ ಸಿಂದ ಅರಸರು ಆಳಿದ ಊರು. ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡಬಸವೇಶ್ವರನು ಅಲ್ಲಿ ನೆಲೆಸಿದ್ದಾನೆ. ಸುತ್ತಲೂ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತಹ ಬೆಟ್ಟಗಳು. ಆ ಊರಿನ ಹಿರಿಯರಿಗೆ ನೀರೆಂದರೆ ಬಾವಿಯಲ್ಲಿ ಕೆಳಗೆ ಕಾಣುವ ವಸ್ತುವೇ ಹೊರತು ಎದುರಿಗೆ ಹರಿದು ಬರುವ ವಸ್ತುವಲ್ಲ. ಸಿರುಗುಪ್ಪದ ರೀತಿಯೇ ಬೇರೆ. ಅಲ್ಲಿ ತುಂಗಭದ್ರೆಯಿದೆ, ನಮ್ಮವರ ಬಾಯಲ್ಲಿ ಹಗರಿಯೆಂದು ಹೆಸರಾದ ವೇದಾವತಿಯು ಆ ತಾಲ್ಲೂಕಿನಲ್ಲಿಯೇ ತುಂಗಭದ್ರೆಯನ್ನು ಕೂಡುತ್ತದೆ. ವಿಜಯನಗರದ ಅರಸರ ಕಾಲದ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಕುರುಗೋಡಿನ ಹೆಣ್ಣು ಸಿರುಗುಪ್ಪಕ್ಕೆ ಸೊಸೆಯಾಗಿ ಹೋದರೆ ಮೊದಲನೆಯ ವರ್ಷ ಹೊಳೆಯನ್ನು ಕಂಡು ಕಣ್ಣರಳಿಸುತ್ತಾಳೆ, ಎರಡನೆಯ ವರ್ಷ ಸೊಳ್ಳೆಯನ್ನು ಬಯ್ಯುತ್ತಾಳೆ ಎಂದು ನಮ್ಮ ಮನೆಯಲ್ಲೊಂದು ನಗೆಮಾತು. ನಮ್ಮ ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿದೆ; ಅಕ್ಕನ ಮಗಳನ್ನು ಹೊಳೆಯಾಚೆಗೆ, ರಾಯಚೂರು ಜಿಲ್ಲೆಯ ಒಂದು ಹಳ್ಳಿಗೆ ಕೊಟ್ಟಿದೆ. ಹೀಗೆ ಎರಡು ತಲೆಮಾರಿನಲ್ಲಿ ನಮ್ಮ ಕುಟುಂಬವು ಬಂಡೆಯಿಂದಿಳಿದು, ಗದ್ದೆಯನ್ನು ಹಾದು, ಹೊಳೆಯನ್ನೂ ದಾಟಿತು.

ಈ ದಾಟುವಿಕೆಯು ಹಿಂದೆ ಸಣ್ಣ ಮಾತಾಗಿರಲಿಲ್ಲ. 1948ರವರೆಗೆ ಆಚೆಯ ದಡ ನಿಜಾಮನದು, ಈಚೆಯ ದಡ ಮದರಾಸು ಪ್ರಾಂತದ್ದು. ಹರಿಗೋಲಿನಲ್ಲಿ ಅರ್ಧ ಗಂಟೆ ಕುಳಿತರೆ ಸರಕಾರವೇ ಬದಲಾಗುತ್ತಿದ್ದಿತು, ನಾಣ್ಯ ಬದಲಾಗುತ್ತಿದ್ದಿತು, ಕನ್ನಡ ಮಾತ್ರ ಬದಲಾಗುತ್ತಿರಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರನ್ನು ಸೇರಿತು, 1956ರ ನವೆಂಬರ್ 1ರಂದು ರಾಯಚೂರೂ ಬಂದು ಕೂಡಿತು. ಎರಡು ದಡಗಳೂ ಒಂದೇ ಮನೆಯವಾದುವು. ಸಿಂಧನೂರಿಗೆ ಹೋಗುವ ದಾರಿಯಲ್ಲಿ ದಡೇಸೂಗೂರಿನ ಹತ್ತಿರ ಸೇತುವೆಯೂ ಇದೆ. ಆದರೆ ಸೇತುವೆ ಒಂದೆಡೆ, ನಂಟರ ಊರು ಮತ್ತೊಂದೆಡೆ. ಹೊಳೆಯ ದಡದ ಹಳ್ಳಿಗಳವರಿಗೆ ಎದುರಿನ ಹಳ್ಳಿಯು ಕೂಗಿದರೆ ಕೇಳುವಷ್ಟು ಹತ್ತಿರ, ಬಸ್ಸಿನಲ್ಲಿ ಹೋದರೆ ಅರ್ಧ ದಿನದಷ್ಟು ದೂರ.

ಹರಿಗೋಲನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಬಿದಿರ ದಬ್ಬೆಗಳನ್ನು ಹೆಣೆದು ಮಾಡಿದ ಒಂದು ದೊಡ್ಡ ಬುಟ್ಟಿ ಅದು. ಎಂಟು ಹತ್ತು ಅಡಿ ಅಗಲ, ಮೊಳಕ್ಕೆ ಸ್ವಲ್ಪ ಮೇಲ್ಪಟ್ಟ ಆಳ. ಹಿಂದೆ ಹೊರಮೈಗೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಗೋಣಿಯ ಬಟ್ಟೆಯನ್ನೋ ಪ್ಲಾಸ್ಟಿಕ್ಕಿನ ಚೀಲಗಳನ್ನೋ ಹೊಲಿದು ಹೊದಿಸಿ ಡಾಂಬರು ಬಳಿಯುತ್ತಾರೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಎಡ ಬಲ ಎಂಬುದಿಲ್ಲ, ಚುಕ್ಕಾಣಿಯಿಲ್ಲ, ಹಾಯಿಯಿಲ್ಲ. ಅಂಬಿಗನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ನಿಂತು ಒಂದೇ ಹುಟ್ಟಿನಿಂದ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತ ಸಾಗಿಸುತ್ತಾನೆ. ಎಳೆಯುವುದು ಕ್ಷಣಕಾಲ ತಪ್ಪಿತೋ, ಬುಗುರಿಯಂತೆ ತಿರುಗತೊಡಗುತ್ತದೆ. ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿಗೆ ಬಂದಿದ್ದ ಪೋರ್ತುಗಾಲಿನ ದೊಮಿಂಗೊ ಪಾಯಸನು ಆನೆಗೊಂದಿಯ ಬಳಿ ಈ ಬುಟ್ಟಿದೋಣಿಗಳನ್ನು ಕಂಡು, ಅವು ನೇರವಾಗಿ ಹೋಗಲಾರದೆ ಸುತ್ತುತ್ತಲೇ ಹೋಗುವ ಸಂಗತಿಯನ್ನು ಬರೆದಿಟ್ಟಿದ್ದಾನೆ. ಐನೂರು ವರ್ಷಗಳಾದರೂ ಸುತ್ತು ನಿಂತಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಗ್ರೀಕರ ಹೆರೊಡೊಟಸನು ಬ್ಯಾಬಿಲೋನಿನ ಹೊಳೆಯಲ್ಲಿ ಇಂಥವೇ ದುಂಡನೆಯ ತೊಗಲುದೋಣಿಗಳಿದ್ದುದನ್ನು ವರ್ಣಿಸಿದ್ದಾನೆ. ಅಲ್ಲಿನ ವ್ಯಾಪಾರಿಗಳು ದೋಣಿಯಲ್ಲಿ ಸರಕಿನೊಡನೆ ಒಂದು ಕತ್ತೆಯನ್ನೂ ತರುತ್ತಿದ್ದರಂತೆ. ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು, ನೆಲದ ಮೇಲೆ ನಡೆದು ಊರಿಗೆ ಮರಳುತ್ತಿದ್ದರಂತೆ. ಪ್ರವಾಹಕ್ಕೆ ಎದುರಾಗಿ ಹೋಗುವ ಚಪಲವಿಲ್ಲದ ಆ ಜನರ ವಿವೇಕವನ್ನು ನಮ್ಮ ಅಂಬಿಗರು ಕೇಳಿದ್ದರೆ ಮೆಚ್ಚುತ್ತಿದ್ದರು.

ಇನ್ನು ಹವೆಯ ಮಾತು. ಕಡಲಿನವರ ಕೆಟ್ಟ ಹವೆಗೆ ಒಂದು ಕಾಲನಿಯಮವಿದೆ. ಮುಂಗಾರು ಕಡಲನ್ನು ಕದಡುವ ಜೂನ್ ಮೊದಲ ದಿನದಿಂದ ಜುಲೈ ಕೊನೆಯವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ಮೀನುದೋಣಿಗಳಿಗೆ 61 ದಿನಗಳ ರಜೆ. ಮಲ್ಪೆಯ ದ್ವೀಪಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ನಮ್ಮ ಹೊಳೆಯ ಕೆಟ್ಟ ಹವೆಯಾದರೋ ಎರಡು ಬಗೆಯದು. ಒಂದು, ನಮ್ಮ ತಲೆಯ ಮೇಲಿನ ಮೋಡದಿಂದ ಬರುವುದು. ಇನ್ನೊಂದು, ಎಲ್ಲಿಯೋ ಮಲೆನಾಡಿನಲ್ಲಿ ಸುರಿದ ಮಳೆಯಿಂದ, ನಮ್ಮ ತಲೆಯ ಮೇಲೆ ಒಂದು ಮೋಡದ ತುಣುಕೂ ಇಲ್ಲದ ದಿನ, ಬಿಸಿಲಿನಲ್ಲಿ ನಡೆದು ಬರುವುದು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾದರೆ ಬಳ್ಳಾರಿಯಲ್ಲಿ ಆಗುವುದು ಐನೂರರ ಆಸುಪಾಸು. ಘಟ್ಟದ ಮರೆಯಲ್ಲಿರುವ ನಮಗೆ ಆಷಾಢದ ಗಾಳಿ ದಕ್ಕುತ್ತದೆ, ಮಳೆ ದಕ್ಕುವುದಿಲ್ಲ. ನಮ್ಮ ಮಳೆಯೇನಿದ್ದರೂ ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಅದೂ ಮೂಡಲಿನಿಂದ, ಗುಡುಗು ಸಿಡಿಲುಗಳನ್ನು ಬೆನ್ನಿಗೆ ಕಟ್ಟಿಕೊಂಡು ಸಂಜೆಯ ಹೊತ್ತಿಗೆ ಬರುವುದು.

ಅಂತಹ ಒಂದು ಮಳೆಗೆ ನಾವು ಕುಟುಂಬ ಸಮೇತರಾಗಿ ಹೊಳೆಯ ನಡುವೆ ಸಿಕ್ಕಿದುದು 2014ರ ಅಕ್ಟೋಬರಿನಲ್ಲಿ, ವಿಜಯದಶಮಿಯಾದ ವಾರ, ಹಸ್ತದ ಮಳೆಯಲ್ಲಿ. ಅಕ್ಕನ ಮೊಮ್ಮಗನ ಜಾವಳಕ್ಕೆಂದು ಬೆಳಗಿನಲ್ಲಿ ಆಚೆಗೆ ಹೋಗಿದ್ದೆವು. ಹೋಗುವಾಗ ಹೊಳೆಯು ಹಿತ್ತಾಳೆಯ ಹರಿವಾಣದಂತೆ ಹೊಳೆಯುತ್ತಿದ್ದಿತು. ಮಕ್ಕಳು ಕೈಯನ್ನು ನೀರಿಗಿಳಿಬಿಟ್ಟು ಆಡಿದರು. ಎಪ್ಪತ್ತು ವರ್ಷಗಳವರೆಗೆ ಒಮ್ಮೆಯೂ ಹರಿಗೋಲನ್ನು ಹತ್ತದ ನಮ್ಮ ತಾಯಿಯವರು ಮಾತ್ರ ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆಯುತ್ತಿದ್ದರು. ದಡ ಮುಟ್ಟಿದ ಮೇಲೆ ಕಣ್ಣು ತೆರೆದು, "ಇಷ್ಟೇಯೇನು?" ಎಂದರು. ಹೊಳೆಯು ಆ ಮಾತನ್ನು ಕೇಳಿಸಿಕೊಂಡಿದ್ದಿತೆಂದು ಅವರು ಈಗಲೂ ನಂಬುತ್ತಾರೆ.

ಮರಳುವಾಗ ನಾವು ಒಂಬತ್ತು ಜನ ಮತ್ತು ಒಂದು ಕೂಸು. ತವರಿಗೆ ಹೊರಟ ಬಾಣಂತಿತನ ಮುಗಿದ ಸೊಸೆ, ಅವಳ ತೊಡೆಯ ಮೇಲೆ ಆ ದಿನ ತಾನೇ ತಲೆ ಬೋಳಿಸಿದ ಹನ್ನೊಂದು ತಿಂಗಳ ಗಂಡುಕೂಸು, ನಮ್ಮ ಭಾವನವರು, ನಮ್ಮ ತಾಯಿ, ನಮ್ಮ ಮನೆಯವರು, ಇಬ್ಬರು ಮಕ್ಕಳು. ಅಂಬಿಗ ತಾತ, ಅವನ ಮೊಮ್ಮಗನಾದ ಹದಿನಾರರ ಹುಡುಗ. ಮಧ್ಯಾಹ್ನ ಎರಡು ಗಂಟೆಗೇ ಕಡವಿಗೆ ಬಂದು ನಿಂತೆವು. ತಾತನು ಹೊರಡಲಿಲ್ಲ. ಆದವಾನಿಯ ದಿಕ್ಕಿನಲ್ಲಿ, ನಾವು ಹೋಗಬೇಕಾದ ದಡದ ಹಿಂದುಗಡೆ, ಒಂದು ಮೋಡವು ಹೂಕೋಸಿನಂತೆ ಎದ್ದಿದ್ದಿತು. ಅದನ್ನು ನೋಡುತ್ತ ಬೀಡಿ ಹಚ್ಚಿ ಕುಳಿತವನು ಒಂದೂವರೆ ಗಂಟೆ ಕುಳಿತೇ ಇದ್ದನು. ನಮ್ಮ ಹಿಂದೆ ಬಂದಿದ್ದ ಇಬ್ಬರು ತರುಣರಿಗೆ ಅವಸರ. ಅವರ ಬಳಿ ಒಂದು ಮೋಟಾರು ಸೈಕಲ್ಲು. ಅದನ್ನೂ ಹರಿಗೋಲಿಗೇರಿಸಿ ದಾಟಿಸುವುದು ನಮ್ಮ ಹೊಳೆಯಲ್ಲಿ ನಿತ್ಯದ ನೋಟ. "ಬಿಸಿಲು ಹೊಡೀತೈತಿ, ಎಂಥಾ ಮಳೆ ತಾತಾ?" ಎಂದು ಅವರು ಕೆಣಕಿದರು. ತಾತನು ಅವರತ್ತ ತಿರುಗದೆಯೇ, "ಈ ಸುತ್ತು ಮಂದಿ ಅಷ್ಟೇ, ಗಾಡಿ ಇಲ್ಲ, ನೀವೂ ಇಲ್ಲ" ಎಂದುಬಿಟ್ಟನು. ಇಬ್ಬರ ಕೂಲಿಯನ್ನೂ ಗಾಡಿಯ ಕೂಲಿಯನ್ನೂ ಆ ಒಂದು ಮಾತಿನಲ್ಲಿ ಹೊಳೆಗೆ ಎಸೆದ ಆ ಬಡವನನ್ನು ನಾವು ಆಗ ಮೊಂಡನೆಂದುಕೊಂಡೆವೋ ಏನೋ, ನೆನಪಿಲ್ಲ. ಗೌರವವು ಹುಟ್ಟಲು ಇನ್ನು ಹೆಚ್ಚು ಹೊತ್ತು ಉಳಿದಿರಲಿಲ್ಲ.

ಮೂರೂವರೆಯ ಸುಮಾರಿಗೆ ಆ ಮೋಡವು ತೆಂಕಣಕ್ಕೆ ಸರಿಯಿತು. "ಮಳೆ ನಿಮ್ಮ ಬಳ್ಳಾರಿಗೇ ಹೋತು ನೋಡ್ರಿ ಯಜಮಾನ್ರೆ, ಮನಿ ಬಾಗ್ಲಾ ಹಾಕ್ಯಾರೋ ಇಲ್ಲೋ" ಎಂದು ನಗುತ್ತ ತಾತನು ಎದ್ದನು. ಎದ್ದವನು ನೇರವಾಗಿ ನೀರಿಗಿಳಿಯಲಿಲ್ಲ. ಬರಿಯ ಹರಿಗೋಲನ್ನು ಮೊಮ್ಮಗನ ಕೈಯಿಂದ ದಡದ ಗುಂಟ ಮೇಲಕ್ಕೆ ಎರಡು ಫರ್ಲಾಂಗು ಎಳೆಸಿದನು. ನಾವೂ ಹಿಂದೆ ನಡೆದೆವು. ಹೊಳೆಯು ಎಷ್ಟು ಕೆಳಕ್ಕೆ ಸೆಳೆಯುವುದೋ ಅಷ್ಟು ಮೇಲಿನಿಂದ ಹೊರಡಬೇಕೆಂಬುದು ಎಲ್ಲ ಅಂಬಿಗರಿಗೂ ಗೊತ್ತು. ಆದರೆ ತಾತನು ಅದಕ್ಕಿಂತಲೂ ಹೆಚ್ಚು ಮೇಲಕ್ಕೆ ಹೋಗಿದ್ದನು. ನಟ್ಟನಡುವೆ ಒಂದು ಮರಳದಿಬ್ಬವು ಆಮೆಯ ಬೆನ್ನಿನಂತೆ ಮಲಗಿದ್ದಿತು. ದಾರಿಯು ಅದರ ಮಗ್ಗುಲಿನಿಂದಲೇ ಹಾಯುವಂತೆ ಅವನು ಹೊರಡುವ ಮೊದಲೇ ಲೆಕ್ಕ ಹಾಕಿದ್ದನು.

ಅರ್ಧ ಹೊಳೆಗೆ ಬಂದಿದ್ದೆವು. ಎದುರು ದಡದ ಭತ್ತದ ಗದ್ದೆಗಳ ಮೇಲೆ ಇದ್ದಕ್ಕಿದ್ದಂತೆ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದುವು. ಅವುಗಳ ಹಿಂದೆ ಮತ್ತೊಂದು ಮೋಡ, ಮೊದಲಿನ ಮೋಡದ ಮರೆಯಲ್ಲಿ ಬೆಳೆದುದು, ಬುಡವೆಲ್ಲ ಸೀಸದ ಬಣ್ಣ. ಬಿಸಿಲಿನ್ನೂ ನಮ್ಮ ಮೇಲೆ ಇದ್ದಿತು. ಅಷ್ಟರಲ್ಲಿ ಮುಖಕ್ಕೆ ತಣ್ಣನೆಯ ಗಾಳಿಯೊಂದು ಬಡಿಯಿತು. ಸಿಡಿಲುಮಳೆಯ ಮೋಡದಲ್ಲಿ ಮಳೆಹನಿಗಳು ಗಾಳಿಯನ್ನು ತಣಿಸಿ ಕೆಳಕ್ಕೆ ತಳ್ಳುತ್ತವೆ. ಆ ತಣ್ಣನೆಯ ಗಾಳಿಯು ನೆಲಕ್ಕೆ ಬಡಿದು ಸುತ್ತಲೂ ಹರಡುತ್ತ ಮಳೆಗಿಂತ ಮೊದಲೇ ನಮ್ಮನ್ನು ಮುಟ್ಟುತ್ತದೆ ಎಂದು ಹವಾಮಾನ ಬಲ್ಲವರು ಹೇಳುತ್ತಾರೆ. ತಾತನ ಭಾಷೆಯಲ್ಲಿ ಅದಕ್ಕೆ ಹೇಳಿದುದು ಇಷ್ಟೇ: "ಬಂತು."

ಹಗುರವಾದ ಬುಟ್ಟಿಗೆ ಗಾಳಿಯಷ್ಟು ಹಗೆ ಬೇರೊಂದಿಲ್ಲ. ನೀರು ಕೆಳಕ್ಕೆಳೆಯುತ್ತಿದ್ದರೆ ಗಾಳಿಯು ಹಿಂದಕ್ಕೆ ನೂಕುತ್ತಿದ್ದಿತು, ಹರಿಗೋಲು ತಿರುಗತೊಡಗಿತು. ನಮ್ಮ ಭಾವನವರು, ಕೂಸಿನ ಬೋಳುತಲೆಗೆ ಹನಿ ಬಿದ್ದೀತೆಂಬ ಅಕ್ಕರೆಯಿಂದ, ಕೊಡೆಯನ್ನು ಬಿಚ್ಚಿದರು. ಆ ದಿನವೆಲ್ಲ ದನಿಯೆತ್ತದ ತಾತನು ಆಗ ಒಮ್ಮೆ ಗದರಿದನು: "ಕೊಡಿ ಮಡಚ್ರಿ!" ಬಿಚ್ಚಿದ ಕೊಡೆಯು ಹರಿಗೋಲಿಗೆ ಬೇಡದ ಹಾಯಿ. ಮತ್ತೆ ದನಿಯನ್ನು ಇಳಿಸಿ, "ಯಾರೂ ಏಳಬ್ಯಾಡ್ರಿ ಯವ್ವಾ. ಅಂಚು ಹಿಡೀಬ್ಯಾಡ್ರಿ. ಒಬ್ಬರನ್ನೊಬ್ಬರು ಹಿಡ್ಕಂಡು ನಡುವಿಗೆ ಕುಂದರ್ರಿ" ಎಂದನು. ಹೆದರಿದವನ ಕೈ ತಾನಾಗಿಯೇ ಅಂಚಿಗೆ ಹೋಗುತ್ತದೆ. ಎಲ್ಲರೂ ಹೋಗಿ ಒಂದೇ ಅಂಚನ್ನು ಹಿಡಿದರೆ ಬುಟ್ಟಿಯು ಅತ್ತಲೇ ಮಗುಚುತ್ತದೆ. ನಾವು ತಳದಲ್ಲಿ ಒತ್ತಾಗಿ, ಮೊಣಕಾಲುಗಳನ್ನು ಎದೆಗೆ ತಂದುಕೊಂಡು ಕುಳಿತೆವು. ಕೂಸು ನಟ್ಟನಡುವೆ. ಮೊಮ್ಮಗನು ಡಬ್ಬಿಯಿಂದ ನೀರನ್ನು ಮೊಗೆಯುತ್ತಿದ್ದನು. ನಮ್ಮ ತಾಯಿಯವರು ಈ ಸಲ ಕಣ್ಣು ಮುಚ್ಚಲಿಲ್ಲ. ತಾತನ ಬೆನ್ನನ್ನು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು.

ಮಿಂಚಿಗೂ ಗುಡುಗಿಗೂ ನಡುವೆ ಎಣಿಸುವುದನ್ನು ಮಕ್ಕಳು ಶಾಲೆಯಲ್ಲಿ ಕಲಿತಿದ್ದರು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೊದಲು ಹದಿನೈದು ಬಂದಿತು, ಆಮೇಲೆ ಒಂಬತ್ತು. ಆರು ಬಂದಾಗ ದೊಡ್ಡವನು ಎಣಿಸುವುದನ್ನು ನಿಲ್ಲಿಸಿ ತಾಯಿಯ ಸೆರಗನ್ನು ಹಿಡಿದುಕೊಂಡನು. ಎದುರು ದಡವು ಕಣ್ಣಿಗೆ ಹತ್ತಿರವೇ ಕಾಣುತ್ತಿದ್ದಿತು. ಯಾರಾದರೂ ಅತ್ತಲೇ ಸಾಗಿಸೆಂದು ಹೇಳುತ್ತಿದ್ದರು. ತಾತನು ದಡದ ಆಸೆಯನ್ನೇ ಬಿಟ್ಟು, ಗಾಳಿಗೆ ಎದುರಾಡದೆ, ತಿರುಗುವುದನ್ನೂ ತಡೆಯದೆ, ಪ್ರತಿ ಸುತ್ತಿನಲ್ಲಿಯೂ ಒಂದೊಂದು ಎಳೆತವನ್ನು ಮಾತ್ರ ಸೇರಿಸುತ್ತ, ಹರಿಗೋಲನ್ನು ಕೆಳಮಗ್ಗುಲಿನ ಮರಳದಿಬ್ಬಕ್ಕೆ ತಾಕಿಸಿದನು. ಮೇಲಿನಿಂದ ಹೊರಟಿರದಿದ್ದರೆ ದಿಬ್ಬವು ನಮ್ಮ ಕೈತಪ್ಪಿ ಹಿಂದುಳಿಯುತ್ತಿದ್ದಿತು. ಮುಂದೆ ಇದ್ದುದು ಕಾಲುವೆಗೆ ನೀರು ತಿರುಗಿಸುವ ಹಳೆಯ ಅಣೆಕಟ್ಟೆ. ಅದರ ಕಲ್ಲುಗಳ ಮೇಲೆ ನೀರು ದುಮುಕುವ ಸದ್ದು ಗಾಳಿಯ ನಡುವೆಯೂ ಕೇಳುತ್ತಿದ್ದಿತು.

ದಿಬ್ಬದ ಮೇಲೆ ಮರವಿಲ್ಲ, ಮರೆಯಿಲ್ಲ. ತಾತನೂ ಹುಡುಗನೂ ಹರಿಗೋಲನ್ನು ಎತ್ತಿ ಬೋರಲು ಹಾಕಿ, ಗಾಳಿ ಬೀಸದ ಕಡೆಯ ಅಂಚಿಗೆ ಹುಟ್ಟನ್ನು ಊರುಗೋಲಾಗಿ ಕೊಟ್ಟು, ನಮ್ಮನ್ನೆಲ್ಲ ಒಳಗೆ ನುಗ್ಗಿಸಿದರು. ದೋಣಿಯು ಮನೆಯಾಯಿತು. ನಿಲ್ಲುವವರು ಯಾರೂ ಇರಬಾರದು, ದಿಬ್ಬದ ನೆತ್ತಿಯ ಮೇಲೆ ಇರಬಾರದು ಎಂದು ತಗ್ಗಿನ ಜಾಗವನ್ನೇ ಆರಿಸಿದ್ದನು. ಬಯಲಿನಲ್ಲಿ ಎತ್ತರವಾದುದನ್ನೇ ಸಿಡಿಲು ಹುಡುಕುವುದೆಂಬುದು ಅವನಿಗೆ ಹೊಳೆಯೇ ಕಲಿಸಿದ ಪಾಠ. ಮೇಲೆ ಮಳೆಯು ಡಾಂಬರಿನ ತೊಗಲಿನ ಮೇಲೆ ನಗಾರಿ ಬಾರಿಸುತ್ತಿದ್ದರೆ ಒಳಗೆ ಬಿದಿರಿನ, ಮೀನಿನ, ಒದ್ದೆ ಸೀರೆಗಳ ವಾಸನೆ. ನಮ್ಮ ಮನೆಯವರು ಬುತ್ತಿಯನ್ನು ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಜಾವಳದ ಹೋಳಿಗೆಗಳು. ಭಯದಲ್ಲಿರುವ ಮಕ್ಕಳಿಗೆ ಧೈರ್ಯ ಹೇಳುವುದಕ್ಕಿಂತ ತಿನ್ನಲು ಕೊಡುವುದು ಮೇಲು. ಕೂಸು ಹೊರಗಿನ ಗದ್ದಲಕ್ಕೆ ಕಿವಿಗೊಟ್ಟು ನಗುತ್ತಿದ್ದಿತು.

ತಾತನು ಒಳಗೆ ಬರಲಿಲ್ಲ. ನೀರಂಚಿನಲ್ಲಿ ಜಾಲಿಯ ಕಡ್ಡಿಯೊಂದನ್ನು ನೆಟ್ಟು, ಗೋಣಿಚೀಲವನ್ನು ಕೊಪ್ಪೆಯಾಗಿ ತಲೆಗೆ ಹಾಕಿಕೊಂಡು, ಕುಕ್ಕುರುಗಾಲಿನಲ್ಲಿ ಕುಳಿತು ಆ ಕಡ್ಡಿಯನ್ನೇ ನೋಡುತ್ತಿದ್ದನು. ನಮ್ಮ ತಾಯಿಯವರು ಹರಿಗೋಲಿನ ಸಂದಿಯಿಂದ ಅದನ್ನು ಕಂಡು, "ತಾತಾ, ಅದೇನು ಕಡ್ಡಿ?" ಎಂದು ಕೂಗಿದರು. "ಹೊಳಿ ಏನಂತೈತಿ ಕೇಳ್ತೀನಿ ಯವ್ವಾ" ಎಂದನು. ಮಳೆಯು ನಮ್ಮ ಮೇಲೆ ಮಾತ್ರವಲ್ಲ, ಮೇಲಿನ ಹಳ್ಳಗಳ ಮೇಲೂ ಸುರಿಯುತ್ತಿದ್ದಿತಷ್ಟೆ. ಒಂದು ಗಂಟೆಯ ಹೊತ್ತಿಗೆ ಕಡ್ಡಿಯು ನಾಲ್ಕು ಬೆರಳು ಮುಳುಗಿತು. ನೀರಿನ ಬಣ್ಣವು ಹಸುರಿನಿಂದ ಕೆಂಪಿಗೆ ತಿರುಗಿತು. ಅಲ್ಲಿಯವರೆಗೆ ನಿಂತು ಕಾಯುವುದೇ ಜಾಣತನವಾಗಿದ್ದಿತು; ಇನ್ನು ಕಾಯುವುದೇ ಅಪಾಯವಾಯಿತು. ಆದರೆ ಗುಡುಗು ಪೂರ್ತಿ ನಿಂತಿರಲಿಲ್ಲ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕೆಂಬುದು ಈಗಿನ ವಿಜ್ಞಾನದ ಮಾತು. ಏರುತ್ತಿರುವ ದಿಬ್ಬದಂಚು ಆ ಅರ್ಧ ಗಂಟೆಯನ್ನು ಕೊಡುವಂತೆ ತೋರಲಿಲ್ಲ. ತಾತನು ಮೂಡಲನ್ನೊಮ್ಮೆ, ಕಡ್ಡಿಯನ್ನೊಮ್ಮೆ ನೋಡಿದನು. ಗಾಳಿಯು ಬಿದ್ದಿದ್ದಿತು, ಗುಡುಗು ಪಡುವಣಕ್ಕೆ, ಹೊಳೆಯಾಚೆಗೆ ದಾಟಿ, ಮಕ್ಕಳ ಎಣಿಕೆಯಲ್ಲಿ ಇಪ್ಪತ್ತನ್ನು ಮೀರಿದ್ದಿತು. ಐದೂಕಾಲಿಗೆ ಹರಿಗೋಲನ್ನು ಮಗುಚಿ ಹಾಕಿ, "ಹತ್ತ್ರಿ" ಎಂದನು.

ಉಳಿದರ್ಧ ಹೊಳೆಯನ್ನು ಕುರಿತು ಹೇಳುವುದೇನೂ ಇಲ್ಲ. ಯಾರೂ ಮಾತಾಡಲಿಲ್ಲ, ದೀಪ ಹಚ್ಚುವ ಹೊತ್ತಿಗೆ ದಡ ಮುಟ್ಟಿತು. ನಾವು ಕೊಟ್ಟ ಹೆಚ್ಚಿನ ಹಣವನ್ನು ತಾತನು ಎಣಿಸಿ, ಕೂಲಿಯಷ್ಟನ್ನು ಇಟ್ಟುಕೊಂಡು, ಉಳಿದುದನ್ನು ಕೂಸಿನ ಕೈಯಲ್ಲಿಟ್ಟನು. ನಮ್ಮ ತಾಯಿಯವರು ಹೊಳೆಗೆ ಅರಿಸಿನ ಕುಂಕುಮವನ್ನು ಬಿಟ್ಟು, ತಾತನಿಗೂ ಕೈಮುಗಿದರು.

ಆ ಮೇಲೆ ನಮ್ಮ ಮನೆಯಲ್ಲಿ ನೀರಿನ ಪ್ರಯಾಣಕ್ಕೆ ಕೆಲವು ಕಟ್ಟಳೆಗಳು ಹುಟ್ಟಿಕೊಂಡಿವೆ. ಗೃಹಿಣಿಯರಿಗೆ ಉಪಯೋಗವಾಗಬಹುದು. ಹತ್ತುವ ಮೊದಲು ಪಾದರಕ್ಷೆ ಬಿಚ್ಚಿ ಚೀಲಕ್ಕೆ ಸೇರಬೇಕು. ಸೀರೆಯ ನಿರಿಗೆಯನ್ನು ಮೇಲಕ್ಕೆ ಸಿಕ್ಕಿಸಬೇಕು, ಒದ್ದೆಯಾದ ನಿರಿಗೆಯು ಕಾಲಿಗೆ ಕಟ್ಟಿದ ಕಲ್ಲು. ಕೂಸನ್ನು ಜೋಳಿಗೆಯಲ್ಲಿ ಮೈಗೆ ಬಿಗಿಯಾಗಿ ಗಂಟು ಹಾಕಿಕೊಳ್ಳಬಾರದು. ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಳ್ಳಬೇಕು, ಬುತ್ತಿಯನ್ನಂತೂ ಬಿಡಲೇಬಾರದು. ತೇಲುವ ಅಂಗಿಯನ್ನು ಕೊಡದ ದೋಣಿಯನ್ನು ಈಗ ನಾವು ಹತ್ತುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ 16 ಜನರು ತೀರಿಕೊಂಡುದನ್ನು ವಾಚಕರು ಮರೆತಿರಲಾರರು. ಅದು ಮಳೆಗಾಲವಲ್ಲ, ಚಳಿಗಾಲದ ತಿಳಿಹಗಲು. ದೋಣಿಯಲ್ಲಿ ಅಳತೆ ಮೀರಿ ಜನರಿದ್ದರು. ಆ ಸುದ್ದಿಯನ್ನು ಓದಿದಾಗ ನಮಗೆ ನೆನಪಾದವರು ದಡದಲ್ಲಿಯೇ ಉಳಿದುಹೋದ ಆ ಇಬ್ಬರು ತರುಣರು ಮತ್ತು ಅವರ ಮೋಟಾರು ಸೈಕಲ್ಲು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ದಾಮಿನಿ ಎಂಬ ಫೋನಿನ ಸಾಧನವೊಂದನ್ನು ಮಾಡಿದ್ದಾರೆ. ಸುತ್ತಮುತ್ತ ಸಿಡಿಲು ಬೀಳುವ ಸಂಭವವಿದ್ದರೆ ಅದು ಎಚ್ಚರಿಸುತ್ತದೆ. ನಮ್ಮ ಹಿರಿಯ ಮಗನು ಅದನ್ನು ನಂಬುತ್ತಾನೆ. ನಮ್ಮ ತಾಯಿಯವರು ಬೆಳ್ಳಕ್ಕಿಗಳನ್ನು ನಂಬುತ್ತಾರೆ. ಎರಡನ್ನೂ ನಂಬಿದರೆ ನಷ್ಟವೇನೂ ಇಲ್ಲ.

ಎರಡನೆಯ ಬಗೆಯ ಕೆಟ್ಟ ಹವೆಗೆ ಮಾತ್ರ ಬೆಳ್ಳಕ್ಕಿಯೂ ಇಲ್ಲ, ಮಿಂಚೂ ಇಲ್ಲ. 1953ರಲ್ಲಿ ಹೊಸಪೇಟೆಯ ಬಳಿ ಆಣೆಕಟ್ಟು ನಿಂತ ಮೇಲೆ ಮಲೆನಾಡಿನ ನೀರು ನೇರವಾಗಿ ಸಿರುಗುಪ್ಪಕ್ಕೆ ಬರುವುದಿಲ್ಲ, ಕಟ್ಟೆಯ ಅಪ್ಪಣೆ ಪಡೆದು ಬರುತ್ತದೆ. ಅಪ್ಪಣೆಯಾದಾಗ ಹೊಳೆದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ, ಹರಿಗೋಲುಗಳು ದಡ ಸೇರುತ್ತವೆ. ಆದರೆ 2009ರ ಸೆಪ್ಟೆಂಬರ್ ಕೊನೆಯಲ್ಲಿ ಮಲೆನಾಡಿನ ಹಂಗಿಲ್ಲದೆ ನಮ್ಮ ಬಯಲುಸೀಮೆಯ ಮೇಲೆಯೇ ಮೋಡ ಒಡೆಯಿತು. ಬರಿಯ ಮರಳಾಗಿದ್ದ ಹಗರಿಯು ಉಕ್ಕಿತು. ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತು. ಅಕ್ಟೋಬರ್ 2ರಂದು ಮಂತ್ರಾಲಯದ ಮಠವೂ ಕರ್ನೂಲು ಪಟ್ಟಣವೂ ಮುಳುಗಿದುವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಅಕ್ಕನ ಮನೆಯವರು ಭತ್ತದ ಮೂಟೆಗಳನ್ನು ಅಟ್ಟಕ್ಕೇರಿಸಿ, ತಾವು ಮಾಳಿಗೆಯ ಮೇಲೆ ಎರಡು ರಾತ್ರಿ ಕಳೆದರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ ಆಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ಕಟ್ಟೆಯ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ಒಂದು ಲಕ್ಷ ಕ್ಯೂಸೆಕ್ಸಿನ ಸುತ್ತಮುತ್ತ ನೀರನ್ನು ಬಿಡಬೇಕಾಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ ಆ ಬಾಯನ್ನು ಮುಚ್ಚಲು ಒಂದು ವಾರ ಹಿಡಿಯಿತು. ಮಾರನೆಯ ಬೆಳಿಗ್ಗೆ ಬಳ್ಳಾರಿಯ ಆಕಾಶದಲ್ಲಿ ಮಳೆಯ ಸುಳಿವೇ ಇರಲಿಲ್ಲ. ನಾವು ಕಾಫಿ ಕುಡಿಯುತ್ತಿರುವಾಗ ಕುರುಗೋಡಿನಿಂದ ತಾಯಿಯವರ ಫೋನು ಬಂದಿತು. ಗೇಟು ಯಾವುದು, ನೀರು ಎಷ್ಟು ಎಂಬ ವರದಿಯನ್ನೆಲ್ಲ ನಾವು ಒಪ್ಪಿಸಿದೆವು. ಅವರು ಅದನ್ನು ಕೇಳಿಸಿಕೊಂಡಂತೆ ತೋರಲಿಲ್ಲ.

"ಅದಿರ್ಲಿ. ಅಕ್ಕಗ ಫೋನು ಹಚ್ಚಿ ಕೇಳು," ಎಂದರು, "ಹೊಳಿದಂಡ್ಯಾಗ ಯಾರನ್ನ ಕಡ್ಡಿ ನೆಟ್ಟಾರೇನು?"